ಸುಣ್ಣ ಕಲ್ಲಾದ ಕತೆ

ಕುಂದಾಪುರದ ನಮಗೆ ಸುಣ್ಣ ಅಂದರೆ ಹೊಳೆಯ ಚಿಪ್ಪು. ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದರೆ ಗೋಡೆಗೂ ಆಯಿತು, ಅಜ್ಜಿಯ ಎಲೆಯಡಿಕೆಗೂ ಆಯಿತು. ಆ ಸುಣ್ಣದ ಒಳಗುಟ್ಟು ನನ್ನನ್ನು ಕಾಡತೊಡಗಿದ್ದು ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ತಲೆಯೆತ್ತಿ ನಿಂತ ದಿನ.

1878ರ ಕೊನೆಗೆ ಮಂಗಳೂರಿಗೆ ಬಂದ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಗಂಡುಹುಡುಗರಿಗೆಂದು ಸೇಂಟ್ ಅಲೋಶಿಯಸ್ ವಿದ್ಯಾಲಯ ತೆರೆದರು. ಬಾವುಟಗುಡ್ಡೆಯ ಮೇಲೆ ಸ್ವಂತ ಕಟ್ಟಡ ಎದ್ದಿತು, ಪಕ್ಕದಲ್ಲಿ ಚಾಪೆಲ್. ಚಿತ್ರಗಳು ಬಂದದ್ದು ಆಮೇಲೆ, ಇಟಲಿಯ ಬೆರ್ಗಾಮೊ ಕಡೆಯ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಕುಂಚ ಹಿಡಿದಾಗ. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಗೋಡೆಯ ಮೇಲಿನದು ಫ್ರೆಸ್ಕೊ. ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ, ಅಷ್ಟೇ. ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯಬೇಕು. ಒಣಗಿದರೆ ಕೆಲಸ ಕೆಟ್ಟಿತು. ಅಂಟಿಲ್ಲ, ಎಣ್ಣೆಯಿಲ್ಲ. ಹಾಗಾದರೆ ಬಣ್ಣವನ್ನು ಹಿಡಿದಿಟ್ಟದ್ದು ಯಾವುದು?

ಇದಕ್ಕೆ ಉತ್ತರ ಕಂಡವನು ಜೋಸೆಫ್ ಬ್ಲ್ಯಾಕ್, ಸ್ಕಾಟ್ಲೆಂಡಿನಲ್ಲಿ ವೈದ್ಯಕೀಯ ಓದುತ್ತಿದ್ದ ಯುವಕ. ಅವನು ಹುಡುಕುತ್ತಿದ್ದದ್ದು ಮೂತ್ರಕೋಶದ ಕಲ್ಲಿಗೆ ಮದ್ದು. ಆಗ ಅದಕ್ಕೆ ಸುಣ್ಣದ ತಿಳಿನೀರು ಕುಡಿಸುತ್ತಿದ್ದರು. ಸುಣ್ಣಕಲ್ಲನ್ನು ಕಾಯಿಸಿದ, ತೂಗಿದ, ಮತ್ತೆ ತೂಗಿದ. ಸುಟ್ಟ ಮೇಲೆ ತೂಕ ಇಳಿಯುತ್ತಿತ್ತು. ಹಾಗೆ ಹೊರಟುಹೋದದ್ದು ಒಂದು ಬಗೆಯ ಗಾಳಿ ಎಂದು ಕಂಡುಕೊಂಡ, 1756ರಲ್ಲಿ ಪ್ರಕಟಿಸಿದ. ಇಂದು ನಾವು ಇಂಗಾಲದ ಡೈಆಕ್ಸೈಡ್ ಅನ್ನುವುದು ಅದನ್ನೇ. ಸುಣ್ಣ ಅದನ್ನು ಗಾಳಿಯಿಂದ ಮರಳಿ ಹೀರಿಕೊಂಡಾಗ ಮತ್ತೆ ಕಲ್ಲಾಗುತ್ತದೆ.

ನನಗೆ ಬಹಳ ಪ್ರಿಯವಾದದ್ದು ಅವನ ಮುಂದಿನ ಪ್ರಯೋಗ. 1764-65ರ ಚಳಿಗಾಲದಲ್ಲಿ ಗ್ಲಾಸ್ಗೋದ ಒಂದು ಚರ್ಚಿನ ಚಾವಣಿಯಲ್ಲಿ, ಒಳಗಿನ ಗಾಳಿ ಹೊರಹೋಗುವ ಕಿಂಡಿಯ ಬಳಿ, ಬಟ್ಟೆಯ ಚಿಂದಿಗಳ ಮೇಲೆ ಸುಣ್ಣದ ತಿಳಿನೀರು ತೊಟ್ಟಿಕ್ಕುವಂತೆ ಮಾಡಿದ. ಕೆಳಗೆ ಸುಮಾರು 1500 ಜನ ಹತ್ತು ಗಂಟೆ ಪ್ರಾರ್ಥನೆಯಲ್ಲಿ ಕೂತಿದ್ದರು. ಅವರ ಉಸಿರೆಲ್ಲ ಮೇಲೇರಿ ಆ ನೀರಿನಲ್ಲಿ ಸುಣ್ಣಕಲ್ಲಿನ ಹರಳಾಗಿ ನಿಂತಿತು.

ಬಾವುಟಗುಡ್ಡೆಯ ಗೋಡೆಯಲ್ಲಿ ಆದದ್ದೂ ಅದೇ. ಮೊಸ್ಕೇನಿಯ ಹಸಿ ಗಾರೆ ಒಣಗುತ್ತ ಗಾಳಿಯಿಂದ ಅದೇ ಅನಿಲವನ್ನು ಎಳೆದುಕೊಂಡಿತು, ಬಣ್ಣದ ಕಣಗಳ ಸುತ್ತ ಕಲ್ಲಾಯಿತು. ನಮ್ಮ ಕರಾವಳಿಯ ಮಳೆಯನ್ನು ತಡೆದು ಸುಮಾರು ತೊಂಬತ್ತು ವರ್ಷ ನಿಂತ ಮೇಲೆ, 1991ರಿಂದ 1994ರವರೆಗೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಕರು ಈ ಚಿತ್ರಗಳಿಗೆ ಮತ್ತೆ ಕಳೆ ತಂದರು. ಬೇಸಿಗೆಯ ರಜೆಯಲ್ಲಿ ಕುಂದಾಪುರದಿಂದ ಬಸ್ಸು ಹಿಡಿದು ಹೋಗುವವರಿಗೆ ನಾನು ಹೇಳುವುದಿಷ್ಟೆ: ಚಾವಣಿ ನೋಡಿ ಹೊರಡಬೇಡಿ, ಗೋಡೆಯ ಮುಂದೆಯೂ ಒಂದು ಗಳಿಗೆ ನಿಲ್ಲಿ.

ಅಜ್ಜಿಯ ಸುಣ್ಣದ ಡಬ್ಬಿ ಈಗಲೂ ಮನೆಯಲ್ಲಿದೆ. ಮುಚ್ಚಳದ ಅಂಚಿಗೆ ಬಿಳಿ ಹೊಪ್ಪಳೆ ಕಟ್ಟಿದೆ. ಉಗುರಿನಿಂದ ಕೆರೆದೆ, ಏಳಲಿಲ್ಲ.