ಮನೆಯ ಬೆಕ್ಕಿನ ಶುಚಿತ್ವ ಮತ್ತು ಮಗುವಿನ ಸಾಮಗ್ರಿಗಳು

(ಸಂಘದ ಮಾಸಿಕ ಕೂಟಕ್ಕೆ ಅತಿಥಿಗಳಾಗಿ ಬಂದಿದ್ದ ನಿವೃತ್ತ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಖಲೀಫಾ ಸಿಟಿಗೆ ಬಂದಿಳಿದ ನನ್ನನ್ನು ಹುಡುಕಿ ವೇದಿಕೆಗೆ ಕರೆತಂದದ್ದು ತಮ್ಮ ಸೌಜನ್ಯ. ನಾನು ಸಾಹಿತಿಯಲ್ಲ, ಮೂರು ದಶಕಗಳ ಕಾಲ ಮಲೆನಾಡಿನ ಕೊಟ್ಟಿಗೆಗಳನ್ನು ಸುತ್ತಿದವನು. ಆದುದರಿಂದ ನನಗೆ ತಿಳಿದ ಒಂದು ಸಣ್ಣ ವಿಷಯವನ್ನೇ ತಮ್ಮ ಮುಂದಿಡುತ್ತೇನೆ.

ಈ ಬಡಾವಣೆಯ ಎತ್ತರದ ಕಾಂಪೌಂಡ್ ಗೋಡೆಗಳ ಮೇಲೆ, ನಿಂತ ಕಾರುಗಳ ನೆರಳಿನಲ್ಲಿ ಬೆಕ್ಕುಗಳಿಗೆ ಬರವಿಲ್ಲ. ಅಂಥದೊಂದು ಮರಿ ಕಳೆದ ತಿಂಗಳು ಮೈಯೆಲ್ಲ ಧೂಳು, ಎಂಜಿನ್ ಎಣ್ಣೆ ಮೆತ್ತಿಕೊಂಡು ನಮ್ಮ ಮನೆ ಸೇರಿತು. ಒಳಗೆ ಇಪ್ಪತ್ತು ದಿನದ ಶಿಶು. ಮಗಳು ತೊಟ್ಟಿಲ ಪಕ್ಕದ ಬುಟ್ಟಿಯನ್ನೇ ಎತ್ತಿಕೊಂಡು ಬಂದಳು. "ಅಪ್ಪಾ, ಮಗುವಿನ ಶಾಂಪೂ ಇದೆ, ವೈಪ್ಸ್ ಇದೆ, ಪೌಡರ್ ಇದೆ. ಎಳೆಗೂಸಿಗೆ ಆಗುವುದು ಬೆಕ್ಕಿಗೆ ಆಗದೇ ಇರುತ್ತದೆಯೇ?" ಎಂದು ಕೇಳಿದಳು. ಪ್ರಶ್ನೆ ಸಹಜವಾದುದೇ. ಆದರೆ ಉತ್ತರವನ್ನು ನಾನು ಒಂದು ಜೀವದ ಬೆಲೆ ತೆತ್ತು ಕಲಿತಿದ್ದೆ.

1986ರ ಮಳೆಗಾಲ. ಆಗಷ್ಟೇ ನೌಕರಿಗೆ ಸೇರಿದ್ದ ನನ್ನ ಬಳಿಗೆ ಸಾಗರ ತಾಲ್ಲೂಕಿನ ಹಳ್ಳಿಯೊಂದರ ಅಜ್ಜಿಯೊಬ್ಬರು ಕಜ್ಜಿ ಹಿಡಿದ ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದರು. ಮನೆಯಲ್ಲಿ ಬಾಣಂತಿ ಇದ್ದಾಳೆ, ಮರಿಯನ್ನು ಮೀಯಿಸಿ ಒಳಗೆ ಬಿಡಬಹುದೇ ಎಂದರು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಆ ಕ್ರಿಮಿನಾಶಕ ಎಲ್ಲರ ಮನೆಯಲ್ಲಿಯೂ ಇರುತ್ತದಲ್ಲ, ಅದನ್ನು ಎರಡು ಮುಚ್ಚಳ ಬೆರೆಸಿ ಮೀಯಿಸಿ ಎಂದುಬಿಟ್ಟೆ. ಪಠ್ಯದಲ್ಲಿ ಓದಿದ್ದೆ, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಮೂರನೆಯ ದಿನ ಮರಿ ಸತ್ತಿತು. ಅಜ್ಜಿ ನನ್ನನ್ನು ಬಯ್ಯಲಿಲ್ಲ. "ಅದರ ಆಯುಸ್ಸು ಅಷ್ಟೇ ಇತ್ತು ಮಾರಾಯ್ರೆ" ಎಂದರು. ಆಯುಸ್ಸಿನ ಮಾತಲ್ಲವೆಂಬುದು ನನಗೆ ಗೊತ್ತಿತ್ತು.

ನಾಲಿಗೆಯೆಂಬ ಬಾಚಣಿಗೆ

ಬೆಕ್ಕು ಎಚ್ಚರವಾಗಿರುವ ಹೊತ್ತಿನ ಗಣನೀಯ ಭಾಗವನ್ನು ಮೈ ನೆಕ್ಕಿಕೊಳ್ಳುವುದರಲ್ಲಿ ಕಳೆಯುತ್ತದೆ. ಅದರ ನಾಲಿಗೆಯ ಮೇಲಿನ ಮುಳ್ಳುಗಳ ತುದಿ ಪುಟ್ಟ ಸೌಟಿನಂತೆ ಟೊಳ್ಳಾಗಿದ್ದು, ಜೊಲ್ಲನ್ನು ಹೀರಿಕೊಂಡು ರೋಮದ ಬುಡದವರೆಗೂ ಒಯ್ಯುತ್ತದೆಂದು ಅಮೆರಿಕೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬ ಸಂಶೋಧಕರು 2018ರಲ್ಲಿ ತೋರಿಸಿದರು. ಇದರಿಂದ ಹೊರಡುವ ನಿಯಮ ಒಂದೇ: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲವೂ ಅದರ ಹೊಟ್ಟೆಗೆ ಹೋಗುತ್ತದೆ. ಮಗು ಹಾಗಲ್ಲ, ಮಗುವಿನ ಬೆನ್ನಿಗೆ ಹಚ್ಚಿದ ಮುಲಾಮು ಬೆನ್ನಿನಲ್ಲಿಯೇ ಉಳಿಯುತ್ತದೆ.

ಯಕೃತ್ತಿನಲ್ಲಿರುವ ಕೊರತೆ

ಎರಡನೆಯ ಕಾರಣ ಕಣ್ಣಿಗೆ ಕಾಣದು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅನೇಕ ಶಿಶುಗಳ ಮೈ ಹಳದಿಗೆ ತಿರುಗುವುದನ್ನು, ಆಸ್ಪತ್ರೆಯಲ್ಲಿ ನೀಲಿ ದೀಪದಡಿ ಮಲಗಿಸುವುದನ್ನು ತಾಯಂದಿರು ಬಲ್ಲಿರಿ. ಬೇಡದ ವಸ್ತುಗಳನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರಹಾಕುವ ಕಿಣ್ವಗಳಲ್ಲೊಂದು ಶಿಶುವಿನ ಯಕೃತ್ತಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದೆ. ಅದೇ ಕುಟುಂಬಕ್ಕೆ ಸೇರಿದ ಇನ್ನೊಂದು ಕಿಣ್ವ ಬೆಕ್ಕಿಗೆ ಜೀವಮಾನವಿಡೀ ದೊರೆಯುವುದೇ ಇಲ್ಲ. ಅದನ್ನು ನಿರ್ಮಿಸಬೇಕಾದ ವಂಶವಾಹಿಯು ಬೆಕ್ಕಿನಲ್ಲಿ ಕೆಟ್ಟು ನಿಷ್ಕ್ರಿಯವಾಗಿದೆಯೆಂದು ಮೈಕೇಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ 2000ದಲ್ಲಿ ಪ್ರಕಟಿಸಿದರು. ಸಿಂಹ, ಚಿರತೆಗಳಲ್ಲಿಯೂ ಇದೇ ಕೊರತೆಯುಂಟು. ಮಾಂಸವನ್ನೇ ತಿಂದು ಬದುಕುವ ಈ ಕುಲಕ್ಕೆ ಸಸ್ಯಗಳ ವಿಷವನ್ನು ಅರಗಿಸಿಕೊಳ್ಳುವ ಆಯುಧ ಬೇಕಾಗದೆ, ಅದು ಕಾಲಕ್ರಮದಲ್ಲಿ ತುಕ್ಕು ಹಿಡಿದಿರಬೇಕೆಂದು ವಿಜ್ಞಾನಿಗಳ ಊಹೆ.

ಆದುದರಿಂದಲೇ ಫಿನಾಯಿಲ್, ನಾನು ಹೇಳಿದ ಹಾಲುಬಣ್ಣದ ಕ್ರಿಮಿನಾಶಕದಲ್ಲಿರುವ ಕ್ಲೋರೋಕ್ಸೈಲೆನಾಲ್ ಮುಂತಾದ ಫೀನಾಲ್ ಜಾತಿಯ ದ್ರವ್ಯಗಳು ಬೆಕ್ಕಿಗೆ ವಿಷ. ಒಂದೇ ಪ್ಯಾರಸಿಟಮಾಲ್ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ನಾವು ಊರಿನಿಂದ ಪೆಟ್ಟಿಗೆಯಲ್ಲಿ ತರುವ ಕರ್ಪೂರ, ನೀಲಗಿರಿ ಎಣ್ಣೆ, ನೆಗಡಿಯ ಮುಲಾಮು ಇವೂ ಅದಕ್ಕೆ ಹಿತವಲ್ಲ. "ನೈಸರ್ಗಿಕ" ಎಂಬ ಚೀಟಿಯನ್ನು ಬೆಕ್ಕಿನ ಯಕೃತ್ತು ಓದುವುದಿಲ್ಲ.

ಬುಟ್ಟಿಯ ಪರೀಕ್ಷೆ

ಮಗಳ ಬುಟ್ಟಿಯನ್ನು ನೆಲದ ಮೇಲೆ ಸುರುವಿ ಒಂದೊಂದಾಗಿ ನೋಡಿದೆವು. ಡೈಪರ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಜಿಂಕ್ ಆಕ್ಸೈಡ್ ಇರುತ್ತದೆ. ನೆಕ್ಕಿದರೆ ವಾಂತಿ, ಹೆಚ್ಚಾದರೆ ರಕ್ತಹೀನತೆ. ಅದು ಬೇಡ. ಪೌಡರಿನ ಧೂಳು ಶ್ವಾಸಕೋಶ ಸೇರುತ್ತದೆ; ಅದೂ ಬೇಡ. ಬೇಬಿ ಆಯಿಲ್ ಖನಿಜ ತೈಲ. ನೆಕ್ಕುವಾಗ ಉಸಿರಿನೊಡನೆ ಒಳಗೆಳೆದುಕೊಂಡರೆ ನ್ಯುಮೋನಿಯಾ ಬರಬಹುದು. ಹಲ್ಲು ಬರುವಾಗ ಒಸಡಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಆಸ್ಪಿರಿನ್ನಿನ ಬಂಧುವಾದ ಸ್ಯಾಲಿಸಿಲೇಟ್ ಇರುವುದರಿಂದ ಅವುಗಳನ್ನು ಬೆಕ್ಕಿನ ಹತ್ತಿರವೂ ಇಡಬಾರದು.

ವೈಪ್ಸ್‌ಗಳಲ್ಲಿ ಸುಗಂಧವೂ ಸಂರಕ್ಷಕಗಳೂ ಇರುತ್ತವೆ. ಕೆಲವುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಕೂಡ. ಬೆಕ್ಕಿನ ಕೆಂಪು ರಕ್ತಕಣಗಳಿಗೆ ಹಾನಿ ಮಾಡುವುದರಿಂದ ಅಮೆರಿಕೆಯ ಸರಕಾರ 1996ರಲ್ಲಿ ಇದನ್ನು ಬೆಕ್ಕಿನ ಆಹಾರದಲ್ಲಿ ನಿಷೇಧಿಸಿತು. ಮಗುವಿನ ಶಾಂಪೂ ನಡುವಿನದು: ಬೇರೇನೂ ಇಲ್ಲದಾಗ, ಸುಗಂಧರಹಿತವಾಗಿದ್ದರೆ, ನೀರಿನಲ್ಲಿ ಚೆನ್ನಾಗಿ ತಿಳಿಗೊಳಿಸಿ ಒಮ್ಮೆ ಬಳಸಿ ಪೂರ್ತಿ ತೊಳೆಯಬಹುದು. ವಾರವಾರದ ರೂಢಿಗೆ ಅದು ತಕ್ಕುದಲ್ಲ. ಬೆಕ್ಕಿನ ಚರ್ಮದ ಗುಣ ನಮ್ಮದಕ್ಕಿಂತ ಬೇರೆ.

ಕೊನೆಗೆ ಉಳಿದವು ಮಗುವಿನ ಮೆತ್ತನೆಯ ಟವೆಲು, ಹತ್ತಿ, ಮೃದು ಬ್ರಷ್ಷು, ಸ್ನಾನದ ಪುಟ್ಟ ತೊಟ್ಟಿ. ಇವೆಲ್ಲವೂ ಬೆಕ್ಕಿಗೆ ಅತ್ಯುತ್ತಮ. ಆದರೆ ಬೆಕ್ಕಿಗೆಂದೇ ಬೇರೆ ಜೋಡಿ ಇಟ್ಟುಕೊಳ್ಳಬೇಕು. ಮಗಳಿಗೆ ಹೇಳಿದೆ: "ಮಗುವಿನ ಸಲಕರಣೆ ಬೇಕು, ಮಗುವಿನ ದ್ರವ್ಯ ಬೇಡ. ಇಷ್ಟು ನೆನಪಿಟ್ಟರೆ ಸಾಕು."

ಮೀಯಿಸಲೇಬೇಕಾದಾಗ

ಆರೋಗ್ಯವಂತ ಬೆಕ್ಕಿಗೆ ಸ್ನಾನ ಬೇಕಿಲ್ಲ. ಇಲ್ಲಿಯ ಮರಳುಧೂಳಿಗೆ ಬ್ರಷ್ಷೇ ಮದ್ದು. ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ರೋಮ ಬೆಳೆದ ದಿಕ್ಕಿನಲ್ಲಿ ಒರೆಸಿದರೆ ಆಯಿತು. ಎಣ್ಣೆ ಜಿಡ್ಡು ಹತ್ತಿದ್ದರೆ ಮಾತ್ರ ಸ್ನಾನ ಅನಿವಾರ್ಯ. ಮೊದಲು ಟವೆಲಿನಲ್ಲಿ ಸುತ್ತಿ ನೆಕ್ಕದಂತೆ ತಡೆಯಿರಿ. ಒಣ ಬಟ್ಟೆಯಿಂದ ಜಿಡ್ಡನ್ನು ಒತ್ತಿ ತೆಗೆಯಿರಿ. ಡಾಂಬರು ಅಥವಾ ಇಲಿ ಹಿಡಿಯುವ ಹಲಗೆಯ ಅಂಟಾದರೆ ಅಡುಗೆ ಎಣ್ಣೆ ತಿಕ್ಕಿ ಸಡಿಲಿಸಿರಿ. ಅನಂತರ ಪಾತ್ರೆ ತೊಳೆಯುವ ಸೌಮ್ಯ ದ್ರವದ ಕೆಲವು ಹನಿಗಳನ್ನು ನೀರಿಗೆ ಬೆರೆಸಿ ತೊಳೆಯಿರಿ. 1989ರಲ್ಲಿ ಅಲಾಸ್ಕಾ ತೀರದಲ್ಲಿ ಎಕ್ಸನ್ ವಾಲ್ಡೀಸ್ ಹಡಗಿನ ತೈಲ ಸೋರಿದಾಗ ಸಾವಿರಾರು ಮೈಲಿಗಳ ಆಚೆಯಿಂದ ಬಂದ ಕಾರ್ಯಕರ್ತರು ಕಡಲ ಹಕ್ಕಿಗಳನ್ನು ತೊಳೆದದ್ದು ಇಂಥ ದ್ರವದಿಂದಲೇ. ಕಣ್ಣು, ಕಿವಿಗೆ ತಾಗದಿರಲಿ; ಜಾರಿಕೆ ಹೋಗುವವರೆಗೆ ಶುದ್ಧ ನೀರು ಹೊಯ್ಯಿರಿ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಎಂದಿಗೂ ಬೇಡ.

ಈ ನಾಡಿಗೆ ಸಂಬಂಧಿಸಿದ ಎರಡು ಎಚ್ಚರಿಕೆಗಳು. ಬೇಸಗೆಯಲ್ಲಿ ತಾರಸಿಯ ತೊಟ್ಟಿ ಕಾದು, ತಣ್ಣೀರಿನ ನಲ್ಲಿಯಲ್ಲಿಯೂ ಸುಡುನೀರು ಬರುತ್ತದೆ. ಮಗುವಿಗೆ ನೋಡುವಂತೆಯೇ ಮಣಿಕಟ್ಟಿನ ಮೇಲೆ ಸುರಿದು ನೋಡಿರಿ. ಸ್ನಾನದ ನಂತರ ಹವಾನಿಯಂತ್ರಕವನ್ನು ಆರಿಸಿ ಮರಿಯನ್ನು ಪೂರ್ತಿ ಒಣಗಿಸಿರಿ. ಎಳೆಯ ಮರಿ ಬೇಗನೆ ತಣ್ಣಗಾಗಿ ಕುಸಿಯುತ್ತದೆ.

ಚಿಗಟಗಳಿದ್ದರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸಾಬೂನು ನೀರಿಗೆ ಅದ್ದಿರಿ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳೆತ, ಸಾವು. ನೆಲ ಒರೆಸಿದ ಮೇಲೆ ಒಣಗುವವರೆಗೆ ಬೆಕ್ಕನ್ನು ಬಿಡಬೇಡಿರಿ. ಬೆನ್ಜಾಲ್ಕೋನಿಯಮ್ ಇರುವ ದ್ರವ ಪಾದಕ್ಕೆ ಹತ್ತಿದರೆ ನಾಲಿಗೆ ಹುಣ್ಣಾಗುತ್ತದೆ.

ತಪ್ಪು ಆಗಿಹೋಗಿದ್ದರೆ, ಜೊಲ್ಲು ಸುರಿಯುವುದು, ತೂರಾಡುವುದು, ಊಟ ಬಿಡುವುದು ಅಪಾಯದ ಚಿಹ್ನೆಗಳು. ವಾಂತಿ ಮಾಡಿಸಬೇಡಿರಿ. ಮೈಯನ್ನು ನೀರಿನಿಂದ ತೊಳೆದು, ಶೀಶೆಯನ್ನೂ ಜೊತೆಗೆ ಹಿಡಿದು ಪಶುವೈದ್ಯರ ಬಳಿಗೆ ಓಡಿರಿ.

ಮಗುವಿನ ರಕ್ಷಣೆ ಎಲ್ಲಿದೆ?

ಬಾಣಂತಿ ಮನೆಯಲ್ಲಿ ಬೆಕ್ಕನ್ನು ಕ್ರಿಮಿನಾಶಕದಲ್ಲಿ ಅದ್ದುವವರ ಮನಸ್ಸಿನಲ್ಲಿರುವುದು ಮಗುವಿನ ಚಿಂತೆ. ಆದರೆ ಗರ್ಭಿಣಿಯರು ಅಂಜಬೇಕಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರುವುದು ಬೆಕ್ಕಿನ ಮಲದಲ್ಲಿ. ಹೊರಬಂದ ಮೇಲೆ ಸೋಂಕು ಹರಡುವ ಶಕ್ತಿ ಬರಲು ಅದಕ್ಕೆ ಒಂದರಿಂದ ಐದು ದಿನ ಬೇಕು. ಆದುದರಿಂದ ಮರಳುತಟ್ಟೆಯನ್ನು ದಿನವೂ, ಗರ್ಭಿಣಿಯಲ್ಲದ ಬೇರೊಬ್ಬರು, ಶುಚಿ ಮಾಡಿ ಕೈ ತೊಳೆಯುವುದರಲ್ಲಿ ರಕ್ಷಣೆಯಿದೆ. ಬೆಕ್ಕಿನ ಮೈಗೆ ವಿಷ ಬಳಿಯುವುದರಿಂದ ಮಗುವಿಗೆ ಎಳ್ಳಷ್ಟೂ ಲಾಭವಿಲ್ಲ. ಮಗು ಮಲಗಿದಾಗ ಬೆಕ್ಕು ತೊಟ್ಟಿಲೇರದಂತೆ ಬಾಗಿಲು ಮುಚ್ಚಿದರೆ ಸಾಕು.

ನಮ್ಮ ಮಡಿ ಮೈಲಿಗೆಯ ಲೆಕ್ಕಾಚಾರ ಏನೇ ಇರಲಿ, ನಮಗೆ ಅನ್ನವಿತ್ತ ಈ ನಾಡಿನ ಜನರ ಶ್ರದ್ಧೆಯಲ್ಲಿ ಬೆಕ್ಕು ಅಶುದ್ಧ ಪ್ರಾಣಿಯಲ್ಲ. ಅದು ಬಾಯಿಟ್ಟ ನೀರು ಕೂಡ ಅಶುದ್ಧವಲ್ಲ. ತನ್ನ ಶುಚಿಯನ್ನು ತಾನೇ ನೋಡಿಕೊಳ್ಳುವ ಜೀವಿಗೆ ನಾವು ಮಾಡಬೇಕಾದ ಸಹಾಯ ಬಹಳ ಸ್ವಲ್ಪ.

ನಮ್ಮ ಮರಿ ಈಗ ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ಮೈ ನೆಕ್ಕಿಕೊಳ್ಳುತ್ತಿದೆ. ಅದನ್ನು ನೋಡಿದಾಗಲೆಲ್ಲ ಸಾಗರದ ಆ ಅಜ್ಜಿಯ ಸೆರಗು ನೆನಪಾಗುತ್ತದೆ. ಅವರಿಗೆ ಅಂದು ಹೇಳಬೇಕಾಗಿದ್ದ ಮಾತನ್ನು ಇಂದು ತಮಗೆ ಹೇಳಿದ್ದೇನೆ.