ಎಂ.ಆರ್.ಐ. ಪರೀಕ್ಷೆಗೆ ಮುನ್ನ

ಎಂ.ಆರ್.ಐ. ಮಾಡಿಸಿ ಎಂದು ವೈದ್ಯರು ಚೀಟಿ ಬರೆದುಕೊಟ್ಟೊಡನೆ, ಕಾಯಿಲೆ ದೊಡ್ಡದೇ ಇರಬೇಕೆಂದು ಮನೆಮಂದಿಯೆಲ್ಲ ಗಾಬರಿಯಾಗುವುದುಂಟು. ಹಾಗೆ ತಿಳಿಯಬೇಕಾಗಿಲ್ಲ. ಮಿದುಳು, ಬೆನ್ನುಹುರಿ, ಕೀಲು ಮುಂತಾದ ಮೃದು ಭಾಗಗಳನ್ನು ಸ್ಪಷ್ಟವಾಗಿ ತೋರಿಸುವ ಪರೀಕ್ಷೆ ಇದು.

ಇದರಲ್ಲಿ ಎಕ್ಸ್‌ರೇ ಕಿರಣಗಳ ಬಳಕೆ ಇಲ್ಲ. ಪ್ರಬಲ ಅಯಸ್ಕಾಂತ ಹಾಗೂ ರೇಡಿಯೋ ಅಲೆಗಳ ನೆರವಿನಿಂದ, ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದಿಂದ ಹೊರಡುವ ಸಂಕೇತಗಳನ್ನು ಹಿಡಿದು ಕಂಪ್ಯೂಟರ್ ಚಿತ್ರ ರಚಿಸುತ್ತದೆ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಅಯಸ್ಕಾಂತದ ಶಕ್ತಿ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಅದರ ಸೆಳೆತ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ, ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಈ ಕೋಣೆಯೊಳಗೆ ಹೋಗಿ ಪ್ರಾಣ ಕಳೆದುಕೊಂಡರು.

ಆದ್ದರಿಂದ ರೋಗಿಯಷ್ಟೇ ಅಲ್ಲ, ಜೊತೆಗೆ ಬರುವವರೂ ಕೀಲಿಕೈ, ಕೈಗಡಿಯಾರ, ಮೊಬೈಲ್, ಚಿಲ್ಲರೆ ಹಣ, ಬ್ಯಾಂಕ್ ಕಾರ್ಡುಗಳನ್ನು ಹೊರಗೇ ಇಡಬೇಕು. ಹೇರ್‌ಪಿನ್, ಸೀರೆಯ ಪಿನ್ನು, ಕಾಲುಂಗುರ, ಉಡಿದಾರದ ತಾಯಿತ, ತೆಗೆಯಬಹುದಾದ ಹಲ್ಲಿನ ಸೆಟ್, ಶ್ರವಣಯಂತ್ರ ಇವನ್ನೂ ತೆಗೆದಿಡಿ. ಮಾಂಗಲ್ಯ ತೆಗೆಯಲು ಅನೇಕ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಸರ ಬಿಚ್ಚಿ ಮನೆಯವರ ಕೈಗೆ ಕೊಟ್ಟು, ಅಷ್ಟು ಹೊತ್ತು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡರಾಯಿತು.

ಹೊರಗೆ ಕಾಣುವ ಲೋಹಕ್ಕಿಂತ ಒಳಗಿರುವ ಲೋಹ ಮುಖ್ಯ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಶಸ್ತ್ರಕ್ರಿಯೆಯಿಂದ ಅಳವಡಿಸಿದ ಸಾಧನ, ಸ್ಟೆಂಟ್, ಮೂಳೆಯ ರಾಡು, ಕೃತಕ ಮಂಡಿ, ಕಾಪರ್-ಟಿ, ಹೀಗೆ ಏನಿದ್ದರೂ ಮುಂಚೆಯೇ ತಿಳಿಸಿ. ಇವುಗಳಲ್ಲಿ ಹಲವಕ್ಕೆ ತೊಂದರೆಯಿಲ್ಲ. ಕೆಲವು ಹೊಸ ಪೇಸ್‌ಮೇಕರ್‌ಗಳಿದ್ದರೂ ಸೂಕ್ತ ಎಚ್ಚರಿಕೆಯೊಂದಿಗೆ ಸ್ಕ್ಯಾನ್ ಮಾಡಬಹುದು. ಆದರೆ ಅದನ್ನು ನಿರ್ಧರಿಸಬೇಕಾದವರು ತಜ್ಞರು. ಶಸ್ತ್ರಕ್ರಿಯೆಯ ಕಾಗದಪತ್ರ ಹಾಗೂ ಸಾಧನದ ಕಾರ್ಡು ತಪ್ಪದೆ ಒಯ್ಯಿರಿ.

ಬೆನ್ನುನೋವಿನಿಂದ ಬಂದಿದ್ದ ಲೇತ್ ಕೆಲಸಗಾರರೊಬ್ಬರು ಮೈಯಲ್ಲಿ ಲೋಹವೇನೂ ಇಲ್ಲವೆಂದರು. ಅವರ ಕಸುಬು ತಿಳಿದಿದ್ದರಿಂದ ಮತ್ತೆ ಕೇಳಿದೆ. ವರ್ಷಗಳ ಹಿಂದೆ ಕಣ್ಣಿಗೆ ಕಬ್ಬಿಣದ ಚೂರು ಸಿಡಿದದ್ದು ಆಗ ನೆನಪಾಯಿತು. ಎಕ್ಸ್‌ರೇಯಲ್ಲಿ ಚೂರು ಇನ್ನೂ ಅಲ್ಲೇ ಇತ್ತು. ಅದೇನಾದರೂ ಸ್ಕ್ಯಾನ್ ವೇಳೆ ಜರುಗಿದ್ದರೆ ದೃಷ್ಟಿಯೇ ಹೋಗಬಹುದಿತ್ತು. ವೆಲ್ಡಿಂಗ್, ಲೇತ್ ಕೆಲಸ ಮಾಡುವವರು ಇದನ್ನು ಗಮನಿಸಬೇಕು.

ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ಕಾಯಿಲೆಯಿದ್ದರೆ, ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದರೆ ಅದನ್ನೂ ಹೇಳಿ. ಕೆಲವರಿಗೆ ಚಿತ್ರ ಸ್ಪಷ್ಟವಾಗಲೆಂದು ಗ್ಯಾಡೋಲಿನಿಯಂ ಇರುವ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಈ ಮಾಹಿತಿ ಬೇಕು. ಉಪವಾಸ ಎಲ್ಲರಿಗೂ ಬೇಕಿಲ್ಲ, ಕೇಳಿ ತಿಳಿಯಿರಿ. ದಿನದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆಯಲ್ಲಿ ನೋವಿಲ್ಲ. ಕೊಳವೆಯಂಥ ಯಂತ್ರದೊಳಗೆ ಸಾಮಾನ್ಯವಾಗಿ 20ರಿಂದ 45 ನಿಮಿಷ ಅಲುಗಾಡದೆ ಮಲಗಬೇಕು. ಸುತ್ತಿಗೆ ಬಡಿದಂತೆ ಸದ್ದು ಬರುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ. ಕೈಯಲ್ಲಿ ಕರೆಗಂಟೆಯ ಗುಂಡಿ ಇರುತ್ತದೆ. ಮೈಯಲ್ಲಿ ಎಲ್ಲಾದರೂ ಬಿಸಿ ಚುರುಗುಟ್ಟಿದರೆ ತಕ್ಷಣ ಅದನ್ನು ಒತ್ತಿ. ಇಕ್ಕಟ್ಟಿನ ಜಾಗದಲ್ಲಿ ಹೆದರಿಕೆಯಾಗುವವರು ಸಂಕೋಚಪಡದೆ ಮೊದಲೇ ಹೇಳಬೇಕು.

ಸ್ಕ್ಯಾನ್‌ಗೆ ಮುನ್ನ ತುಂಬಿಸಿಕೊಳ್ಳುವ ಪ್ರಶ್ನಾವಳಿಗೆ ಅವಸರದಲ್ಲಿ 'ಇಲ್ಲ, ಇಲ್ಲ' ಎಂದು ಬರೆದು ಸಹಿ ಹಾಕಬೇಡಿ. ಮನೆಯ ಹಿರಿಯರಿಗೆ ಪಕ್ಕದಲ್ಲಿ ಕುಳಿತು ಓದಿ ಹೇಳಿ, ಹಳೆಯ ಶಸ್ತ್ರಕ್ರಿಯೆ, ಹಳೆಯ ಗಾಯಗಳನ್ನು ನೆನಪಿಸಿ. ಅದಕ್ಕೆ ಬೇಕಾಗುವುದು ಐದು ನಿಮಿಷ. ಅಪಾಯ ತಪ್ಪುವುದು ಅದರಿಂದಲೇ.