ಬೆರಳಿಗೆ ಸಿಗದ ಗುಂಡಿ

ಜನರಲ್ ಮೋಟರ್ಸ್‌ನ ಬ್ಯೂಕ್ ವಿಭಾಗ 1988ರಲ್ಲಿ ರಿಯಾಟಾ ಎಂಬ ಎರಡು ಸೀಟಿನ ಕಾರನ್ನು ಮಾರುಕಟ್ಟೆಗೆ ತಂದಿತು. ಇಬ್ಬರು ಹಾಯಾಗಿ ದೂರದೂರಿಗೆ ಹೋಗಿಬರಲೆಂದು ಮಾಡಿದ, ಅಮೆರಿಕನ್ನರು ‘ಪರ್ಸನಲ್ ಲಕ್ಷುರಿ’ ಎನ್ನುವ ಜಾತಿಯ ಕಾರು ಅದು. ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಕೆಲಸಗಾರರ ತಂಡಗಳು ಅದನ್ನು ಹಂತಹಂತವಾಗಿ ಕಟ್ಟುತ್ತಿದ್ದವು. ವರ್ಷಕ್ಕೆ 20,000 ಮಾರುವ ಆಸೆಯಿತ್ತು; 1991ರಲ್ಲಿ ತಯಾರಿಕೆ ನಿಂತಾಗ ನಾಲ್ಕು ವರ್ಷದ ಒಟ್ಟು ಲೆಕ್ಕ 21,751. ಆದರೂ ಈ ಕಾರು ಇವತ್ತಿಗೂ ನಮಗೆ ಪಾಠ ಹೇಳಬಲ್ಲದು. ಏಕೆಂದರೆ ಅದರ ಡ್ಯಾಶ್‌ಬೋರ್ಡಿನ ನಡುವೆ ಆಗಲೇ ಒಂದು ಟಚ್‌ಸ್ಕ್ರೀನ್ ಇತ್ತು.

ಹಳೆಯ ಟೀವಿಯಲ್ಲಿದ್ದಂಥದೇ ಪಿಕ್ಚರ್ ಟ್ಯೂಬ್ ಅದು. ಗಾಜಿನ ಕೊಳವೆಯ ಹಿಂತುದಿಯಿಂದ ಹೊರಟ ಎಲೆಕ್ಟ್ರಾನ್‌ಗಳು ಮುಂಗಾಜಿನ ಒಳಲೇಪಕ್ಕೆ ಬಡಿದರೆ ಹಸಿರು ಅಕ್ಷರಗಳು ಬೆಳಗುತ್ತವೆ. ರೇಡಿಯೊ, ಎ.ಸಿ., ಮೀಟರುಗಳು, ಕೊನೆಗೆ ಮೆಕ್ಯಾನಿಕ್‌ಗೆ ಬೇಕಾದ ದೋಷಸಂಕೇತಗಳು ಕೂಡ ಅದರಲ್ಲೇ. ಈಗ ಫ್ಯಾನಿನ ವೇಗ ಕೊಂಚ ತಗ್ಗಿಸಬೇಕು ಎಂದುಕೊಳ್ಳಿ. ತಿರುಗಿಸುವ ಗುಂಡಿಯಾದರೆ ಕೈ ತಡವಿ ಹುಡುಕುತ್ತದೆ, ಅಂಚು ಸಿಗುತ್ತದೆ, ‘ಕಟಕ್’ ಎಂದರೆ ಒಂದು ಹಂತ ಇಳಿಯಿತು; ಕಣ್ಣು ರಸ್ತೆಯ ಮೇಲೇ ಇರುತ್ತದೆ. ಬೆರಳತುದಿಯ ಚರ್ಮದಲ್ಲಿ ಒತ್ತಡವನ್ನೂ ಕಂಪನವನ್ನೂ ಗುರುತಿಸುವ ನರತುದಿಗಳು ದಟ್ಟವಾಗಿರುವುದರಿಂದಲೇ ಇದು ಸಾಧ್ಯ. ನುಣುಪು ಗಾಜು ಆ ನರಗಳಿಗೆ ಏನನ್ನೂ ಹೇಳುವುದಿಲ್ಲ. ಮೊದಲು ಎ.ಸಿ.ಯ ಪುಟ ತೆರೆಯಬೇಕು, ಆಮೇಲೆ ಸರಿಯಾದ ಜಾಗ ನೋಡಿ ಮುಟ್ಟಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ಹೊರಳಿದರೂ ಕಾರು ಸುಮಾರು 55 ಮೀಟರ್ ಓಡಿರುತ್ತದೆ. ಚಾಲಕನ ಒಂದು ನೋಟ ಎರಡು ಸೆಕೆಂಡು ಮೀರಬಾರದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಮಾರ್ಗಸೂಚಿ ಕೊಟ್ಟದ್ದು ಸುಮ್ಮನೆ ಅಲ್ಲ.

1990ರಲ್ಲಿ ಬ್ಯೂಕ್ ಆ ಪರದೆಯನ್ನು ತೆಗೆದು ಮಾಮೂಲಿ ಗುಂಡಿಗಳನ್ನು ಕೂರಿಸಿತು. ಅದೇ ವರ್ಷ ರಿಯಾಟಾ ತಯಾರಿಕೆ ತನ್ನ ಉತ್ತುಂಗ ಮುಟ್ಟಿತು. ಇದನ್ನೇ ಸಾಕ್ಷಿ ಮಾಡಿಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ: ಮೇಲ್ಛಾವಣಿ ಮಡಚುವ ಮಾದರಿಯೂ ಆಗಲೇ ಬಂತು. ಕಾರು ಸೋತದ್ದಕ್ಕೆ ಸುಮಾರು 25,000 ಡಾಲರಿನ ಬೆಲೆ, ಎರಡೇ ಸೀಟು ಇವೂ ಕಾರಣವಾಗಿರಬೇಕು. ಪರದೆಯ ಮೇಲಿನ ನನ್ನ ತಕರಾರು ಮಾರಾಟದ ಅಂಕಿಯನ್ನು ನೆಚ್ಚಿಕೊಂಡಿಲ್ಲ, ಮನುಷ್ಯನ ಮೈಯನ್ನು ನೆಚ್ಚಿಕೊಂಡಿದೆ. ‘ಬ್ಯೂಕ್ ಕಾಲಕ್ಕಿಂತ ಮುಂದಿತ್ತು, ಇವತ್ತು ಎಲ್ಲ ಕಾರಿನಲ್ಲೂ ಪರದೆ ಇದೆಯಲ್ಲ’ ಎನ್ನುವವರಿದ್ದಾರೆ. ನಿಜ, ಪರದೆ ಹಿಗ್ಗಿದೆ, ಬಣ್ಣ ಬಂದಿದೆ, ನಕ್ಷೆ ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೆರಳು ಮಾತ್ರ 1988ರಲ್ಲಿದ್ದ ಹಾಗೆಯೇ ಇದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಯೂರೋ ಎನ್‌ಕ್ಯಾಪ್, ಇಂಡಿಕೇಟರ್, ವೈಪರ್, ಹಾರ್ನ್‌ಗಳಿಗೆ ಕೈಗೆ ಸಿಗುವ ಗುಂಡಿ ಇಲ್ಲವೇ ಲಿವರ್ ಇರಲಿ ಎಂದು 2026ರ ನಿಯಮಗಳಲ್ಲಿ ಸೇರಿಸಿದೆ.